ಹೊಸ ಬ್ರೇಕ್ ಪ್ಯಾಡ್ ಕೂರದಿದ್ದರೆ ಸುತ್ತಿಗೆ ಎತ್ತಬೇಡಿ
ಮೊನ್ನೆ ನನ್ನ 1998ರ ಮಾರುತಿ 800ಕ್ಕೆ ಮುಂದಿನ ಪ್ಯಾಡ್ ಹಾಕುವಾಗ ಕ್ಯಾಲಿಪರ್ (ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ) ಡಿಸ್ಕ್ ಮೇಲೆ ಕೂರಲೇ ಇಲ್ಲ. ಹಳೇ ಪ್ಯಾಡ್ ಸವೆದಷ್ಟೂ ಅದನ್ನು ತಳ್ಳುವ ಪಿಸ್ಟನ್ ಹೊರಗೆ ಬಂದಿರುತ್ತದೆ, ಅಲ್ವಾ? ಅದನ್ನು ಮತ್ತೆ ಒಳಗೆ ತಳ್ಳಬೇಕು. ಮೊದಲು ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ ತೆಗೆದು ಸಿರಿಂಜಿನಲ್ಲಿ ಸ್ವಲ್ಪ ಎಳೆದುಕೊಳ್ಳಿ, ಇಲ್ಲದಿದ್ದರೆ ಪಿಸ್ಟನ್ ಒಳಗೆ ಹೋದಾಗ ಆಯಿಲ್ ಉಕ್ಕಿ ಪೇಂಟ್ ತಿನ್ನುತ್ತದೆ (ನನ್ನ ಗಾಡಿಯಲ್ಲಿ ಅಂಗೈಯಗಲ ಎದ್ದು ಬಂದಿದೆ). ಹಳೇ ಪ್ಯಾಡನ್ನೇ ಪಿಸ್ಟನ್ ಮೇಲಿಟ್ಟು ಸಿ ಕ್ಲ್ಯಾಂಪನ್ನು (ಸ್ಕ್ರೂ ತಿರುಗಿಸಿ ಒತ್ತುವ ಸಿ ಆಕಾರದ ಹಿಡಿ) ಕಾಲು ಸುತ್ತು ತಿರುಗಿಸಿ, ನಿಲ್ಲಿಸಿ, ಮತ್ತೆ ಕಾಲು ಸುತ್ತು. ಆಗಲೂ ಅಲ್ಲಾಡದಿದ್ದರೆ ಬ್ಲೀಡರ್ ನಿಪ್ಪಲ್ (ಕ್ಯಾಲಿಪರ್‌ನಿಂದ ಆಯಿಲ್, ಗಾಳಿ ಹೊರಬಿಡುವ ಸ್ಕ್ರೂ) ಸಡಿಲಿಸಿ ನೋಡಿ: ಪಿಸ್ಟನ್ ಸಲೀಸಾಗಿ ಹೋದರೆ ಬ್ರೇಕ್ ಹೋಸ್ ಒಳಗೆ ಕಟ್ಟಿಕೊಂಡಿರಬಹುದು, ಹೋಗದಿದ್ದರೆ ಪಿಸ್ಟನ್ನೇ ತುಕ್ಕು ಹಿಡಿದಿರಬೇಕು. ನಿಪ್ಪಲ್ ತೆರೆದಿದ್ದರೆ ಆಮೇಲೆ ಬ್ರೇಕ್ ಲೈನಿನ ಗಾಳಿ ತೆಗೆಯಲೇಬೇಕು. ಸ್ಲೈಡ್ ಪಿನ್‌ಗೆ (ಕ್ಯಾಲಿಪರ್ ಜಾರುವ ಪಿನ್) ಸಿಲಿಕೋನ್ ಗ್ರೀಸ್ ಹಾಕಿ, ಮಾಮೂಲಿ ಗ್ರೀಸಿಗೆ ರಬ್ಬರ್ ಊದುತ್ತದೆ. ಗಾಡಿ ಓಡಿಸುವ ಮೊದಲು ಪೆಡಲ್ ಗಟ್ಟಿಯಾಗುವವರೆಗೂ ತುಳಿಯಿರಿ, ಮೊದಲ ಸಲ ಅದು ನೆಲ ಮುಟ್ಟಬಹುದು.