ಬೆಕ್ಕಿನ ಬೋನು ಕೊಳ್ಳುವಾಗ ಹಿಂಬಾಗಿಲು ನೋಡಿ

ಅಪಾರ್ಟ್‌ಮೆಂಟಿನ ಪಾರ್ಕಿಂಗ್‌ನಲ್ಲಿ ಒಂದು ಜೋಡಿ ಬೆಕ್ಕು ಸೇರಿಕೊಂಡರೆ ವರ್ಷ ತಿರುಗುವುದರೊಳಗೆ ದೊಡ್ಡ ಸಂಸಾರವೇ ಆಗಿರುತ್ತದೆ. ಹೆಣ್ಣು ಬೆಕ್ಕು ನಾಲ್ಕೈದು ತಿಂಗಳಿಗೇ ಗಬ್ಬವಾಗಬಹುದು. ಎರಡು ತಿಂಗಳು ಕಳೆದರೆ ಮರಿ. 'ಗೋಣಿಚೀಲಕ್ಕೆ ತುಂಬಿ ಮಾರ್ಕೆಟ್ ಹತ್ತಿರ ಬಿಟ್ಟು ಬರೋಣ' ಅನ್ನುವವರು ಪ್ರತಿ ಮೀಟಿಂಗಿನಲ್ಲೂ ಒಬ್ಬರಾದರೂ ಇರುತ್ತಾರೆ, ಅಲ್ವಾ? ಅದರಿಂದ ಏನೂ ಆಗದು. ತಿನ್ನಲು ಸಿಗುವ ಜಾಗ ಖಾಲಿಯಾದರೆ ಪಕ್ಕದ ಬೀದಿಯ ಬೆಕ್ಕು ಬಂದು ಕೂರುತ್ತದೆ. ಹಸಿವು ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ಸುಮ್ನೆ ಬಿಟ್ಟು ಬರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧ ಕೂಡ. ಹಿಡಿದು, ಸಂತಾನಹರಣ ಆಪರೇಷನ್ ಮಾಡಿಸಿ, ಹಿಡಿದ ಜಾಗದಲ್ಲೇ ಬಿಡುವುದು ಸರಿಯಾದ ದಾರಿ. ಅದಕ್ಕೆ ಒಳ್ಳೆಯ ಬೋನು ಬೇಕು.

ಮೊದಲು ಡಾಕ್ಟರ್, ಆಮೇಲೆ ಬೋನು

ಆಪರೇಷನ್ ದಿನ ಗೊತ್ತುಮಾಡದೆ ಬೆಕ್ಕು ಹಿಡಿಯಬೇಡಿ. ಹಿಡಿದ ಬೆಕ್ಕನ್ನು ಎರಡು ದಿನ ಬೋನಿನಲ್ಲೇ ಕೂಡಿಹಾಕುವುದಕ್ಕಿಂತ ಹಿಂಸೆ ಇನ್ನೊಂದಿಲ್ಲ. ಆಪರೇಷನ್ ಆದ ಮೇಲೆ ಎಷ್ಟು ದಿನ ಅಲ್ಲೇ ಇಟ್ಟುಕೊಳ್ಳುತ್ತಾರೆ, ಗುರುತಿಗೆ ಕಿವಿಯ ತುದಿ ಕತ್ತರಿಸುತ್ತಾರಾ ಅಂತಲೂ ಆಗಲೇ ಕೇಳಿಬಿಡಿ. ಆ ಗುರುತು ಇಲ್ಲದಿದ್ದರೆ ಮುಂದಿನ ವರ್ಷ ಯಾರೋ ಅದೇ ಬೆಕ್ಕನ್ನು ಮತ್ತೆ ಹಿಡಿದು ತರುತ್ತಾರೆ.

ಅಳತೆ

ಹೆಗ್ಗಣದ ಬೋನು ಬೇಡವೇ ಬೇಡ. ಅಷ್ಟು ಗಿಡ್ಡ ಬೋನಿನಲ್ಲಿ ಬೆಕ್ಕು ಪೂರ್ತಿ ಒಳಗೆ ಬರುವ ಮೊದಲೇ ಬಾಗಿಲು ಬಿದ್ದು ಬಾಲವೋ ಸೊಂಟವೋ ಸಿಕ್ಕಿಕೊಳ್ಳುತ್ತದೆ. ಉದ್ದ 30ರಿಂದ 36 ಇಂಚು, ಅಗಲ 10ರಿಂದ 12, ಎತ್ತರ ಸುಮಾರು 12 ಇಂಚು ಇದ್ದರೆ ಸಾಕು. ದಪ್ಪ ತಲೆಯ ಗಂಡು ಬೆಕ್ಕುಗಳೇ ಜಾಸ್ತಿ ಇದ್ದರೆ ಅಗಲದಲ್ಲಿ ಜಿಪುಣತನ ಮಾಡಬೇಡಿ.

ಜಾಲರಿಯ ಕಣ್ಣು ಚಿಕ್ಕದಿರಲಿ, ಅರ್ಧ ಇಂಚಿಗೆ ಒಂದು ಇಂಚಿನಷ್ಟು. ಬೋನಿಗೆ ಬಿದ್ದ ಬೆಕ್ಕು ಮೊದಲು ಮಾಡುವ ಕೆಲಸ ಮೂಗನ್ನು ಜಾಲರಿಗೆ ಒತ್ತಿ ನುಗ್ಗಲು ನೋಡುವುದು. ಕಣ್ಣು ದೊಡ್ಡದಿದ್ದರೆ ಮೂತಿ ತೂರಿ ಚರ್ಮ ಕಿತ್ತುಬರುತ್ತದೆ, ಉಗುರು ಮುರಿಯುತ್ತದೆ. ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸುವವರು ಒಳಗೆ ಕೈಯಾಡಿಸಿ ನೋಡಿ. ನಿಮ್ಮ ಕೈಗೆ ತರಚಿದ್ದು ಬೆಕ್ಕಿಗೂ ತರಚುತ್ತದೆ. ಹಿಡಿಕೆಯ ಕೆಳಗೆ ಒಂದು ತಗಡಿನ ಹಾಳೆಯೂ ಇರಲಿ. ಇಲ್ಲದಿದ್ದರೆ ಎತ್ತಿಕೊಂಡು ಹೋಗುವಾಗ ನಿಮ್ಮ ಬೆರಳಿಗೇ ಪಂಜದ ಏಟು.

ಅಂಗಡಿಯಲ್ಲೇ ಮಾಡುವ ಮೂರು ಪರೀಕ್ಷೆ

ಬೆಕ್ಕು ತುಳಿದರೆ ಬಾಗಿಲು ಬೀಳಿಸುವ ತಗಡು ಒಳಗಿರುತ್ತದೆ, ಅದೇ ಪೆಡಲ್. ತುಂಬಿದ ಅರ್ಧ ಲೀಟರ್ ನೀರಿನ ಬಾಟಲಿಯನ್ನು ಅದರ ಮೇಲೆ ಮೆಲ್ಲಗೆ ಇಡಿ. ಬಾಗಿಲು ಬೀಳಬೇಕು. ಬೀಳದಿದ್ದರೆ ಸಣ್ಣ ಬೆಕ್ಕುಗಳು ತಿಂದು, ಬಾಯಿ ನೆಕ್ಕಿಕೊಂಡು ಹೊರಟುಹೋಗುತ್ತವೆ.

ಬಾಗಿಲು ಬಿದ್ದ ಮೇಲೆ ಬೋನನ್ನು ಮಗುಚಿ ಹಿಡಿಯಿರಿ, ಅಲ್ಲಾಡಿಸಿ. ಚಿಲಕ ಬಿಟ್ಟುಕೊಂಡರೆ ಅಲ್ಲೇ ವಾಪಸ್ ಇಡಿ. ಗಾಬರಿಯಾದ ಬೆಕ್ಕು ಬೋನನ್ನು ಉರುಳಿಸುವಷ್ಟು ಎಗರಾಡುತ್ತದೆ.

ಮೂರನೆಯದನ್ನು ಹೆಚ್ಚಿನವರು ನೋಡುವುದೇ ಇಲ್ಲ: ಹಿಂಬಾಗಿಲು. ಮೇಲಕ್ಕೆ ಜಾರಿಸಿ ತೆಗೆಯುವ ಬಾಗಿಲು ಹಿಂದಿರಲೇಬೇಕು. ಒಂದೇ ಬಾಗಿಲಿನ ಬೋನು ಅಗ್ಗವಾಗಿ ಸಿಗುತ್ತದೆ, ನಿಜ. ಆದರೆ ಹಿಡಿದ ಬೆಕ್ಕನ್ನು ಇನ್ನೊಂದು ಪಂಜರಕ್ಕೆ ದಾಟಿಸಬೇಕು, ನೀರು ಇಡಬೇಕು, ಕೊನೆಗೆ ಬಿಡಬೇಕು. ಆಗ ಸ್ಪ್ರಿಂಗ್ ಇರುವ ಮುಂಬಾಗಿಲನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು ನಿಲ್ಲುವುದಿದೆಯಲ್ಲ, ಅಲ್ಲೇ ಕಚ್ಚಿಸಿಕೊಳ್ಳುವುದು. ಕಚ್ಚಿದರೆ ಅಥವಾ ಪರಚಿದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಿ. ರೇಬಿಸ್ ನಾಯಿಯಿಂದ ಮಾತ್ರ ಬರುವುದಲ್ಲ.

ಬೋನಿಗೆ ಬೀಳದ ಜಾಣೆ

ಒಮ್ಮೆ ಬೋನಿಗೆ ಬಿದ್ದು ಬಂದ ಬೆಕ್ಕು ಮತ್ತೆ ಹತ್ತಿರ ಸುಳಿಯುವುದಿಲ್ಲ. ಹತ್ತರ ನಡುವೆ ಆ ಒಂದು ಹೆಣ್ಣನ್ನೇ ಹಿಡಿಯಬೇಕು ಅಂದರೂ ಪೆಡಲ್ ಬೋನು ಕೈಕೊಡುತ್ತದೆ. ಅಲ್ಲಿಗೆ ಬೀಳು ಬೋನು ಬೇಕು. ತಳವಿಲ್ಲದ, ಸುಮಾರು ಮೂರಡಿ ಚೌಕದ ಪೆಟ್ಟಿಗೆ ಅದು. ಒಂದು ಬದಿಗೆ ಕೋಲು ಊರಿ, ಕೋಲಿಗೆ ಹಗ್ಗ ಕಟ್ಟಿ, ದೂರ ಕೂತು ಎಳೆಯುವುದು. ಬದಿಯಲ್ಲಿ ಜಾರುಬಾಗಿಲು ಇರಲಿ. ಅದರ ಅಳತೆ ನಿಮ್ಮ ಬೋನಿನ ಹಿಂಬಾಗಿಲಿಗೆ ಸರಿಯಾಗಿ ಕೂರಬೇಕು. ಎಳೆಯುವ ಮೊದಲು ಬೇರೆ ಬೆಕ್ಕು ಅಂಚಿನಲ್ಲಿ ನಿಂತಿಲ್ಲ ಅಂತ ನೋಡಿಕೊಳ್ಳಿ.

ಇಡುವ ರೀತಿ

ಕೆಲವು ದಿನ ಬಾಗಿಲನ್ನು ದಾರದಿಂದ ಎತ್ತಿ ಕಟ್ಟಿ, ಒಳಗೇ ಊಟ ಇಡಿ. ಕಾಲಿಗೆ ತಂತಿ ಚುಚ್ಚದಂತೆ ಪೇಪರ್ ಹಾಸಿ. ಹಿಡಿಯುವ ಹಿಂದಿನ ರಾತ್ರಿ ಊಟ ಬಂದ್, ನೀರು ಮಾತ್ರ. ಇದನ್ನು ಬೀದಿಯಲ್ಲಿ ಅನ್ನ ಹಾಕುವ ಎಲ್ಲರಿಗೂ ಹೇಳಿ. ಒಬ್ಬ ಆಂಟಿ ಮರೆತು ಮೊಸರನ್ನ ಇಟ್ಟರೆ ಮುಗೀತು.

ವಾಸನೆ ಜಾಸ್ತಿ ಇರುವ ಬೂತಾಯಿ, ಬಂಗುಡೆ ಒಳ್ಳೆಯದು. ಸಾರಿನಲ್ಲಿ ಬೆಂದ ಮೀನು ಬೇಡ, ಈರುಳ್ಳಿ ಬೆಳ್ಳುಳ್ಳಿ ಬೆಕ್ಕಿಗೆ ವಿಷ. ಪೆಡಲ್ ದಾಟಿ, ಹಿಂದಿನ ತುದಿಯಲ್ಲಿ ಬಾಳೆಎಲೆ ಚೂರಿನ ಮೇಲೆ ಇಡಿ. ಸ್ಟೀಲ್ ಬಟ್ಟಲು ಇಟ್ಟರೆ ಬೆಕ್ಕು ಎಗರಾಡುವಾಗ ಅದೇ ಬಡಿಯುತ್ತದೆ.

ಬೋನು ಹೂಡಿ ಮನೆಗೆ ಹೋಗಬೇಡಿ. ಬಿಸಿಲು, ಬೀದಿನಾಯಿ ಎರಡೂ ಅಪಾಯ. ಬಾಗಿಲು ಬಿದ್ದ ತಕ್ಷಣ ಹಳೇ ಬೆಡ್‌ಶೀಟ್ ಹೊದಿಸಿದರೆ ಕತ್ತಲೆಗೆ ಬೆಕ್ಕು ತಣ್ಣಗಾಗುತ್ತದೆ. ಮುಂಗುಸಿಯೋ ಪುನುಗು ಬೆಕ್ಕೋ ಬಿದ್ದಿದ್ದರೆ ಬಾಗಿಲು ತೆಗೆದು ಅಲ್ಲೇ ಬಿಟ್ಟುಬಿಡಿ, ಅವಕ್ಕೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ. ಬಿದ್ದ ಹೆಣ್ಣಿನ ಮೊಲೆ ತುಂಬಿಕೊಂಡು, ಸುತ್ತಲ ಕೂದಲು ಉದುರಿದ್ದರೆ ಎಲ್ಲೋ ಮರಿಗಳು ಕಾಯುತ್ತಿವೆ ಅಂತ ಅರ್ಥ. ಡಾಕ್ಟರಿಗೆ ಫೋನ್ ಮಾಡಿ ಕೇಳಿ, ಮರಿ ಹುಡುಕಿ, ಆಮೇಲೆ ಮುಂದಿನ ಮಾತು.

ಕೆಲಸ ಮುಗಿದ ಮೇಲೆ ಬೋನನ್ನು ಫಿನಾಯಿಲ್, ಡೆಟಾಲ್‌ಗಳಿಂದ ತೊಳೆಯಬೇಡಿ, ಅವು ಬೆಕ್ಕಿಗೆ ಆಗಿಬರುವುದಿಲ್ಲ. ಸೋಪಿನಲ್ಲಿ ಉಜ್ಜಿ, ನೀರು ಬೆರೆಸಿದ ಬ್ಲೀಚ್ ಹಾಕಿ ಹತ್ತು ನಿಮಿಷ ಬಿಟ್ಟು, ಚೆನ್ನಾಗಿ ತೊಳೆದು ಬಿಸಿಲಿಗೆ ಇಡಿ. ಒಂದು ಬೆಕ್ಕಿನ ವಾಂತಿಭೇದಿ ವೈರಸ್ ಇನ್ನೊಂದಕ್ಕೆ ಅಂಟುವುದು ಹೀಗೆ ತೊಳೆಯದೆ ಬಿಟ್ಟ ಬೋನುಗಳಿಂದಲೂ ಹೌದು.