ಮಹಿಳಾ ಇತಿಹಾಸದ ಪಾಠಕ್ಕೆ ಅಂತರ್ಜಾಲದ ಆಕರಗಳನ್ನು ಬಳಸುವುದು ಹೇಗೆ?

ಸಮಾಜ ವಿಜ್ಞಾನದ ಪಾಠಗಳಲ್ಲಿ ಅಕ್ಕಮಹಾದೇವಿ, ಅತ್ತಿಮಬ್ಬೆ, ಸರೋಜಿನಿ ನಾಯ್ಡು ಮುಂತಾದವರ ಹೆಸರು ಬಂದರೂ, ಅವರು ಹೇಳಿದ್ದು, ಬರೆದದ್ದು, ಬರೆಸಿದ್ದು ಮಕ್ಕಳ ಕೈಗೆ ಸಿಗುವುದು ಕಡಿಮೆ. ಈ ಮೂಲ ಆಕರಗಳಲ್ಲಿ ಹಲವು ಈಗ ಅಂತರ್ಜಾಲದಲ್ಲಿ ಉಚಿತವಾಗಿ ದೊರೆಯುತ್ತವೆ. ಪ್ರೌಢಶಾಲೆಯ ಶಿಕ್ಷಕರು ಒಂದು ಪಿರಿಯಡ್‌ಗೆ ಅವನ್ನು ಹೊಂದಿಸಿಕೊಳ್ಳುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಹುಡುಕಾಟಕ್ಕೆ ಮೊದಲು ಒಂದು ಪ್ರಶ್ನೆಯನ್ನು ಗೊತ್ತುಮಾಡಿಕೊಳ್ಳಬೇಕು. ‘ಹನ್ನೆರಡನೆಯ ಶತಮಾನದ ಶರಣೆಯರು ಯಾವ ಯಾವ ದುಡಿಮೆ ಮಾಡುತ್ತಿದ್ದರು?’ ಎಂಬಂಥ ಪ್ರಶ್ನೆ ತರಗತಿಯಲ್ಲಿ ನಿಲ್ಲುತ್ತದೆ. ‘ಮಹಿಳೆಯರ ಸಾಧನೆ’ ಎಂಬ ವಿಷಯ ಹಿಡಿದರೆ ಭಾವಚಿತ್ರ ಮತ್ತು ಹೊಗಳಿಕೆಯಲ್ಲೇ ಪಾಠ ಮುಗಿಯುತ್ತದೆ.

ಮೇಲಿನ ಪ್ರಶ್ನೆಗೆ ‘ವಚನ ಸಂಚಯ’ ತಾಣ ತಕ್ಕದ್ದು. ಅಲ್ಲಿ ವಚನಕಾರರ ಹೆಸರಿನಿಂದಲೂ ಪದದಿಂದಲೂ ವಚನಗಳನ್ನು ಹುಡುಕಬಹುದು. ಕದಿರೆ ರೆಮ್ಮವ್ವೆಯ ಹೆಸರಿನಲ್ಲಿ ಹುಡುಕಿದರೆ, ನೂಲುವ ರಾಟೆಯನ್ನು ಭಾಗಭಾಗವಾಗಿ ಬಿಚ್ಚಿ ತೋರಿಸುವ ವಚನ ಸಿಗುತ್ತದೆ: ಅಡಿಯ ಹಲಗೆಯನ್ನು ಬ್ರಹ್ಮನೆಂದು, ತೋರಣವನ್ನು ವಿಷ್ಣುವೆಂದು, ನಿಂತ ಬೊಂಬೆಯನ್ನು ಮಹಾರುದ್ರನೆಂದು ಆಕೆ ಕರೆಯುತ್ತಾಳೆ. ರಾಟೆಯ ಚಿತ್ರವನ್ನು ಕಪ್ಪುಹಲಗೆಯ ಮೇಲೆ ಬರೆದು ಈ ಭಾಗಗಳನ್ನು ಮಕ್ಕಳಿಂದಲೇ ಗುರುತು ಮಾಡಿಸಿದರೆ, ದಿನವೆಲ್ಲ ರಾಟೆಯ ಮುಂದೆ ಕುಳಿತವಳ ತಿಳಿವಳಿಕೆ ಎಂಥದ್ದು ಎಂಬುದು ಅವರಿಗೆ ತಾನಾಗಿಯೇ ಕಾಣುತ್ತದೆ. ಇದರ ಜೊತೆಗೆ ಆಯ್ದಕ್ಕಿ ಲಕ್ಕಮ್ಮನ ವಚನವನ್ನಿಡಬಹುದು. ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದ ಗಂಡ ಮಾರಯ್ಯನನ್ನು ಆಕೆ ಅಲ್ಲಿ ನೇರವಾಗಿ ಪ್ರಶ್ನಿಸುತ್ತಾಳೆ. ವಚನಗಳು ಬಹುಮಟ್ಟಿಗೆ ನಂತರದ ಕಾಲದ ಸಂಕಲನಗಳ ಮೂಲಕ ನಮಗೆ ಬಂದಿವೆ ಎಂಬುದನ್ನೂ ಮಕ್ಕಳಿಗೆ ತಿಳಿಸಬೇಕು. ಅದನ್ನು ಮುಚ್ಚಿಟ್ಟರೆ ಅದು ಇತಿಹಾಸದ ಪಾಠವಾಗುವುದಿಲ್ಲ.

ಶಾಸನಗಳಿಗೆ ‘ಇಂಟರ್ನೆಟ್ ಆರ್ಕೈವ್’ ನೋಡಬೇಕು. ಶಾಸನಗಳ ಪಾಠಗಳನ್ನು ಸಂಗ್ರಹಿಸಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕ ಮಾಲೆಯ ಹಳೆಯ ಸಂಪುಟಗಳು ಅಲ್ಲಿವೆ. ಅತ್ತಿಮಬ್ಬೆಯ ವಿಷಯದಲ್ಲಿ 1007ರ ಲಕ್ಕುಂಡಿ ಶಾಸನವನ್ನೂ, ಆಕೆಯ ಆಶ್ರಯ ಪಡೆದಿದ್ದ ರನ್ನನು 993ರಲ್ಲಿ ಮುಗಿಸಿದ ಅಜಿತಪುರಾಣವನ್ನೂ ಅಕ್ಕಪಕ್ಕ ಇಟ್ಟು, ಯಾರು ಯಾರಿಗಾಗಿ ಬರೆದರು ಎಂದು ಕೇಳಿದರೆ ಸಾಕು.

ಆಧುನಿಕ ಕಾಲಕ್ಕೆ ಬಂದರೆ, ನನ್ನ ದೃಷ್ಟಿಯಲ್ಲಿ ಸಂವಿಧಾನ ಸಭೆಯ ಚರ್ಚೆಗಳಿಗಿಂತ ಉತ್ತಮವಾದ ಆಕರವಿಲ್ಲ. ಸಂಸತ್ತಿನ ಡಿಜಿಟಲ್ ಗ್ರಂಥಾಲಯದಲ್ಲಿ ಅವು ಪೂರ್ತಿಯಾಗಿ ಇವೆ. ‘ಕಾನ್‌ಸ್ಟಿಟ್ಯೂಷನ್ ಆಫ್ ಇಂಡಿಯಾ’ ತಾಣದಲ್ಲಿ ದಿನಾಂಕವಾರು ಜೋಡಿಸಿಟ್ಟಿರುವುದರಿಂದ ಬೇಕಾದ ಭಾಷಣವನ್ನು ಬೇಗ ಹುಡುಕಬಹುದು. ಸಭೆಯಲ್ಲಿ 15 ಮಂದಿ ಮಹಿಳೆಯರಿದ್ದರು. ಪಾಠಕ್ಕೆ 1946ರ ಡಿಸೆಂಬರ್ 19ರ ಕಲಾಪವೊಂದೇ ಸಾಕಾಗುತ್ತದೆ. ಅಂದು ಹಂಸಾ ಮೆಹ್ತಾ ಅವರು, ಮಹಿಳೆಯರು ವಿಶೇಷ ಸವಲತ್ತನ್ನು ಕೇಳುತ್ತಿಲ್ಲ, ಸಾಮಾಜಿಕ, ಆರ್ಥಿಕ ಮತ್ತು ರಾಜಕೀಯ ನ್ಯಾಯವನ್ನು ಕೇಳುತ್ತಿದ್ದಾರೆ ಎಂದರು. ಅದೇ ದಿನ ಸಭೆಯ ಏಕೈಕ ದಲಿತ ಮಹಿಳೆ ದಾಕ್ಷಾಯಣಿ ವೇಲಾಯುಧನ್ ಅವರೂ ಮಾತನಾಡಿದರು. ಇಬ್ಬರ ಭಾಷಣಗಳಿಂದ ಒಂದೊಂದು ಪರಿಚ್ಛೇದವನ್ನು ಆರಿಸಿ ಸರಳ ಕನ್ನಡಕ್ಕೆ ತರಬೇಕು. ಯಂತ್ರಾನುವಾದದ ನೆರವು ಪಡೆದರೂ ಪ್ರತಿಯೊಂದು ವಾಕ್ಯವನ್ನು ಮೂಲದೊಂದಿಗೆ ತಾಳೆ ನೋಡಲೇಬೇಕು. ಬಳಿಕ, ಲೋಕಸಭೆ ಮತ್ತು ವಿಧಾನಸಭೆಗಳಲ್ಲಿ ಮಹಿಳೆಯರಿಗೆ ಮೂರನೇ ಒಂದು ಭಾಗದ ಸ್ಥಾನಗಳನ್ನು ಮೀಸಲಿಡುವ 2023ರ 106ನೇ ತಿದ್ದುಪಡಿಯನ್ನು ಮಕ್ಕಳ ಮುಂದಿಡಬಹುದು. ಮೀಸಲು ಸ್ಥಾನ ಬೇಡವೆಂದು ಹಂಸಾ ಮೆಹ್ತಾ ಏಕೆ ಹೇಳಿದರು, ಮುಂದೆ ಅದು ಏಕೆ ಬೇಕಾಯಿತು ಎಂಬ ಚರ್ಚೆಯನ್ನು ಅವಸರದಿಂದ ಮುಗಿಸದೆ ಇನ್ನೊಂದು ಪಿರಿಯಡ್‌ಗೆ ಮುಂದುವರಿಸುವುದು ಒಳ್ಳೆಯದು.

ಸ್ವಾತಂತ್ರ್ಯಾನಂತರದ ಮಹಿಳೆಯರ ಬದುಕಿಗೆ ಸಂಬಂಧಿಸಿದಂತೆ, 1988ರಲ್ಲಿ ಮುಂಬೈಯಲ್ಲಿ ಆರಂಭವಾದ ‘ಸ್ಪ್ಯಾರೋ’ ದಾಖಲೆ ಸಂಸ್ಥೆಯ ತಾಣವನ್ನು ನೋಡಬಹುದು.

ಶಾಲೆಯಲ್ಲಿ ಇಂಟರ್ನೆಟ್ ಇಲ್ಲದಿದ್ದರೂ ಪಾಠ ನಿಲ್ಲಬೇಕಾಗಿಲ್ಲ. ಆಯ್ದ ಭಾಗವನ್ನು ಒಂದೇ ಹಾಳೆಗೆ ಇಳಿಸಿ, ನಾಲ್ಕೈದು ಮಕ್ಕಳ ಗುಂಪಿಗೊಂದರಂತೆ ಜೆರಾಕ್ಸ್ ಮಾಡಿಸಿದರೆ ಆಯಿತು. ಹಾಳೆಯ ಕೆಳಗೆ ತಾಣದ ಹೆಸರು, ಮೂಲದ ದಿನಾಂಕ ಅಥವಾ ಸಂಪುಟ, ಅನುವಾದಿಸಿದವರ ಹೆಸರು ಇರಬೇಕು. ಮಕ್ಕಳು ಮೊದಲು ಹಾಳೆಯನ್ನು ಗಟ್ಟಿಯಾಗಿ ಓದಲಿ, ಅನಂತರ ಪಠ್ಯಪುಸ್ತಕದ ಅದೇ ಭಾಗವನ್ನು ತೆರೆದು, ಅಲ್ಲಿ ಬಿಟ್ಟುಹೋದ ಸಂಗತಿಗಳನ್ನು ತಮ್ಮ ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಲಿ.