ಬಿಗಿ ಶಿಸ್ತಿನ ಹೊಸ ತರಬೇತುದಾರರೊಂದಿಗೆ ತಂಡ ಹೊಂದಿಕೊಳ್ಳುವ ಬಗೆ
ಬೆಳಗಾವಿಯ ಕಾಲೇಜು ಫುಟ್‌ಬಾಲ್ ತಂಡಕ್ಕೆ ಕಟ್ಟುನಿಟ್ಟಿನ ಹೊಸ ತರಬೇತುದಾರರು ಬಂದಾಗ ಮೊದಲ ಕೆಲವು ಪಂದ್ಯಗಳನ್ನು ಸೋಲುವುದು ಅಸಹಜವೇನಲ್ಲ. ಆ ಹೊತ್ತಿನಲ್ಲಿ ಆಟಗಾರರು ಗುಂಪುಗುಂಪಾಗಿ ಗೊಣಗುವ ಬದಲು, ದೂರುಗಳನ್ನು ಅಭ್ಯಾಸ ಮುಗಿದ ಮೇಲೆ ನಾಯಕನ ಮೂಲಕ ತರಬೇತುದಾರರ ಮುಂದಿಡಬೇಕು. 90 ನಿಮಿಷಗಳ ಆಟಕ್ಕೆ ಬೇಕಾದ ದಮ್ಮು ಒಂದೇ ವಾರದಲ್ಲಿ ಬರುವುದಿಲ್ಲವಾದ್ದರಿಂದ, ಓಟದ ಪ್ರಮಾಣವನ್ನು ಸ್ವಲ್ಪಸ್ವಲ್ಪವೇ ಹೆಚ್ಚಿಸುವಂತೆ ಮತ್ತು ವಾರಕ್ಕೊಂದು ದಿನವಾದರೂ ಪೂರ್ಣ ವಿಶ್ರಾಂತಿ ನೀಡುವಂತೆ ಕೇಳಿಕೊಳ್ಳುವುದನ್ನು ಯಾರೂ ಸೋಮಾರಿತನವೆಂದು ಭಾವಿಸಬೇಕಾಗಿಲ್ಲ. ಜುಲೈ ತಿಂಗಳ ಜಡಿಮಳೆಗೆ ಮೈದಾನ ಕೆಸರಾದಾಗ ಉದ್ದ ಸ್ಟಡ್‌ಗಳ (ಅಡಿಭಾಗದ ಮೊಳೆಯಂಥ ಉಬ್ಬುಗಳ) ಬೂಟು ಧರಿಸಬೇಕು. ನೀರು ನಿಂತಲ್ಲಿ ಚೆಂಡು ಉರುಳದ ಕಾರಣ ನೆಲದ ಪಾಸುಗಳ ಅಭ್ಯಾಸವನ್ನು ಬೇರೆ ದಿನಕ್ಕೆ ಇಟ್ಟುಕೊಳ್ಳುವುದು ಒಳಿತು. ಹೆಚ್ಚು ಓಡಿದ ಮರುದಿನ ಸ್ನಾಯುಗಳು ನೋಯುವುದು ಸಹಜ, ಆದರೆ ಮೊಣಕಾಲು ಊದಿಕೊಂಡರೆ ಬೈಗುಳಕ್ಕೆ ಅಂಜಿ ಮರೆಮಾಚದೆ ಅಂದೇ ತಿಳಿಸಿ ವೈದ್ಯರಿಗೆ ತೋರಿಸಬೇಕು.